13.56 ಮೆಗಾಹರ್ಟ್ಸ್ ಮ್ಯಾಗ್ನೆಟಿಕ್ ಮೆಟಾಮೆಟೀರಿಯಲ್: ಎಸ್-ಪ್ಯಾರಾಮೀಟರ್‌ನಿಂದ ಮ್ಯೂ ಸರಿಯಾಗಿ ಬರ್ತಿಲ್ಲ, ತಪ್ಪು ಎಲ್ಲಿದೆ?

ತುಂಗಾ_ಎಂಟೆಕ್ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಡಬ್ಬಿಯನ್ನು ಮುಚ್ಚಳ ತೆಗೆಯದೆ ಚಾರ್ಜ್ ಮಾಡಬೇಕು. ಅದಕ್ಕೆ ಕಳಿಸುವ ಕಾಯಿಲ್, ಪಡೆಯುವ ಕಾಯಿಲ್ ಎರಡರ ನಡುವೆ ಮ್ಯೂ (ಕಾಂತಕ್ಷೇತ್ರಕ್ಕೆ ವಸ್ತು ಹೇಗೆ ಸ್ಪಂದಿಸುತ್ತದೆ ಎನ್ನುವ ಅಂಕಿ, ಗಾಳಿಗೆ 1) = −1 ಇರುವ ಒಂದು ಮೆಟಾಮೆಟೀರಿಯಲ್ ಹಾಳೆ, ಅಂದರೆ ಸಣ್ಣ ಸುರುಳಿಗಳನ್ನು ಜೋಡಿಸಿ ಮಾಡಿದ ಕೃತಕ ವಸ್ತು, ನಿಲ್ಲಿಸುವ ಯೋಚನೆ.

ಸೆಲ್ (ಹಾಳೆಯ ಒಂದು ಸುರುಳಿ ಘಟಕ) ಹೀಗಿದೆ: 1.6 ಮಿ.ಮೀ. ಎಫ್‌ಆರ್-4 ಬೋರ್ಡ್, 35 ಮೈಕ್ರಾನ್ ತಾಮ್ರ, 5 ಸುತ್ತಿನ ಚೌಕ ಸುರುಳಿ. ಹೊರ ಅಳತೆ 26 ಮಿ.ಮೀ., ಒಳ ಅಳತೆ 16 ಮಿ.ಮೀ., ಟ್ರ್ಯಾಕ್ 0.8, ಸಂದು 0.25. ಸೆಲ್‌ನಿಂದ ಸೆಲ್‌ಗೆ 30 ಮಿ.ಮೀ. ಕೆಪಾಸಿಟರ್ ಹಾಕಿ ಒಂಟಿ ಸೆಲ್ಲನ್ನು 13.56ಕ್ಕೆ ಕೂರಿಸಿದ್ದೇನೆ. ಕ್ಯೂ (ಹೆಚ್ಚಿದ್ದಷ್ಟೂ ನಷ್ಟ ಕಡಿಮೆ, ಶಿಖರ ಚೂಪು) ಸುಮಾರು 150.

ಸಾಲ್ವರ್‌ನಲ್ಲಿ ಒಂದು ಸೆಲ್ಲಿಗೆ ಪೀರಿಯಾಡಿಕ್ ಬೌಂಡರಿ ಕೊಟ್ಟು, ಸಮತಲ ಅಲೆ ಹಾಯಿಸಿ, ಎಸ್11 (ಮರಳಿದ ಅಲೆ), ಎಸ್21 (ದಾಟಿದ ಅಲೆ) ಎರಡರಿಂದ ಎಲ್ಲರೂ ಬಳಸುವ ರಿಟ್ರೀವಲ್ ಸೂತ್ರದಲ್ಲಿ ಮ್ಯೂ ತೆಗೆದೆ. ಒಂದು ಪಾಯಿಂಟಿನಲ್ಲಿ +40, ಪಕ್ಕದ ಪಾಯಿಂಟಿನಲ್ಲಿ −25. ಮೆಶ್ ಬದಲಿಸಿದರೆ ಉತ್ತರವೂ ಬದಲು.

ಬೆಂಚಿನ ಮೇಲೆ ಇನ್ನೊಂದು ಗೊಂದಲ. ಒಂಟಿ ಸೆಲ್ 13.56ರಲ್ಲಿ ಸರಿಯಾಗಿ ಇದೆ. 36 ಸೆಲ್ ಸೇರಿಸಿ 6×6 ಹಾಳೆ ಮಾಡಿದರೆ 13.0ರಿಂದ 14.9 ಮೆಗಾಹರ್ಟ್ಸ್ ತನಕ ಐದಾರು ಶಿಖರ ಕಾಣುತ್ತವೆ. ಮಳೆಗಾಲದ ಥಂಡಿಗೆ ಎಫ್‌ಆರ್-4 ನೀರು ಕುಡಿದು ಹೀಗಾಗಿದೆಯಾ? 13.56ರಲ್ಲಿ ಮ್ಯೂ = −1 ಬರಬೇಕಾದರೆ ಎಷ್ಟು ಪಿಕೋಫ್ಯಾರಡ್ ಹಾಕಬೇಕು?

ಸುರುಳಿ_ಸಾಗರ

ಮೊದಲು ರಿಟ್ರೀವಲ್ ವಿಷಯ. ಸೂತ್ರ ತಪ್ಪಲ್ಲ, ಈ ಫ್ರೀಕ್ವೆನ್ಸಿಗೆ ಅದನ್ನು ಬಳಸಿದ್ದು ತಪ್ಪು.

13.56ರಲ್ಲಿ ಅಲೆಯ ಉದ್ದ 22.1 ಮೀಟರ್. ನಿಮ್ಮ ಪದರದ ದಪ್ಪ 30 ಮಿ.ಮೀ. ಅಂದರೆ ಅಲೆ ಪದರ ದಾಟುವಾಗ ಫೇಸ್ ತಿರುಗುವುದು 0.0085 ರೇಡಿಯನ್, ಅರ್ಧ ಡಿಗ್ರಿಗೂ ತುಸು ಕಡಿಮೆ. ಮ್ಯೂ −1, ಎಪ್ಸಿಲಾನ್ (ವಿದ್ಯುತ್ ಕ್ಷೇತ್ರಕ್ಕೆ ಅಂಥದೇ ಅಂಕಿ) 1 ಎಂದು ಇಟ್ಟುಕೊಂಡರೂ ಎಸ್11ರ ಗಾತ್ರ 0.0085ರ ಆಸುಪಾಸು, ಅಂದರೆ −41 ಡಿಬಿ. ಎಚ್‌ಎಫ್‌ಎಸ್‌ಎಸ್‌ನಲ್ಲಿ ಅಡಾಪ್ಟಿವ್ ಮೆಶ್ ನಿಲ್ಲುವ ಡೆಲ್ಟಾ-ಎಸ್ ಮಿತಿಯನ್ನು ನೀವು ಮುಟ್ಟದಿದ್ದರೆ ಅದು 0.02 ಇರುತ್ತದೆ. ನೀವು ಹುಡುಕುತ್ತಿರುವ ಸಂಖ್ಯೆಗಿಂತ ಸಾಲ್ವರ್ ಒಪ್ಪಿಕೊಂಡ ದೋಷವೇ ದೊಡ್ಡದು. ಅದರ ಮೇಲೆ ರಿಟ್ರೀವಲ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುತ್ತೀರಿ. ಮೆಶ್ ಬದಲಿಸಿದಾಗ ಉತ್ತರ ಕುಣಿಯುವುದು ಅದಕ್ಕೇ. 10 ಗಿಗಾಹರ್ಟ್ಸ್‌ನಲ್ಲಿ 2.5 ಮಿ.ಮೀ. ಸೆಲ್ ಇದ್ದರೆ ಅಲೆಯ ಉದ್ದದ ಹನ್ನೆರಡನೇ ಒಂದು ಭಾಗ ಸಿಗುತ್ತದೆ, ಅಲ್ಲಿ ಈ ದಾರಿ ನಡೆಯುತ್ತದೆ. ನಿಮ್ಮದು 700ನೇ ಒಂದು ಭಾಗಕ್ಕೂ ಚಿಕ್ಕದು.

ಇಲ್ಲಿ ಕಾಂತಕ್ಷೇತ್ರ ಸ್ಥಿರಕ್ಷೇತ್ರದ ಹಾಗೇ ನಡೆದುಕೊಳ್ಳುತ್ತದೆ. ಹಾಗಾಗಿ ಸೆಲ್ಲನ್ನು ಎಲ್, ಸಿ, ಆರ್ ಸರ್ಕ್ಯೂಟ್ ಎಂದುಕೊಂಡು ಕೈಯಲ್ಲೇ ಲೆಕ್ಕ ಹಾಕಿ.

ಚೌಕ ಸುರುಳಿಗೆ ತಿದ್ದಿದ ವೀಲರ್ ಸೂತ್ರ: ಎಲ್ = 2.34 × ಮ್ಯೂ0 × ಸುತ್ತಿನ ವರ್ಗ × ಸರಾಸರಿ ಅಗಲ ÷ (1 + 2.75 × ರೋ). ಸರಾಸರಿ ಅಗಲ 21 ಮಿ.ಮೀ., ರೋ = (26−16) ÷ (26+16) = 0.238. ಎಲ್ = 0.93 ಮೈಕ್ರೋಹೆನ್ರಿ. 13.56ಕ್ಕೆ ಬೇಕಾದ ಒಟ್ಟು ಸಿ 148 ಪಿಕೋಫ್ಯಾರಡ್.

ಮುಂದೆ ಫಿಲ್ಲಿಂಗ್ ಫ್ಯಾಕ್ಟರ್: ಎಫ್ = ಮ್ಯೂ0 × ವಿಸ್ತೀರ್ಣದ ವರ್ಗ ÷ (ಸೆಲ್‌ನ ಘನಗಾತ್ರ × ಎಲ್). ಇಲ್ಲಿ ವಿಸ್ತೀರ್ಣ ಅಂದರೆ ಐದೂ ಸುತ್ತುಗಳ ವಿಸ್ತೀರ್ಣದ ಮೊತ್ತ. ಹೊರಗಿನ ಒಂದೇ ಚೌಕವನ್ನು ತೆಗೆದುಕೊಳ್ಳಬೇಡಿ, ತುಂಬ ಜನ ಎಡವುವುದು ಇಲ್ಲೇ. ಟ್ರ್ಯಾಕಿನ ನಡುಗೆರೆ ಹಿಡಿದರೆ ಬದಿಗಳು 25.2, 23.1, 21, 18.9, 16.8 ಮಿ.ಮೀ. ಮೊತ್ತ 2249 ಚದರ ಮಿ.ಮೀ. ಸೆಲ್ 30 ಮಿ.ಮೀ. ಘನ ಎಂದಿಟ್ಟರೆ ಎಫ್ = 0.25.

ಸೆಲ್‌ಗಳನ್ನು ಬಿಂದು ಡೈಪೋಲ್ (ಚುಕ್ಕಿಯಷ್ಟು ಸಣ್ಣ ಕಾಂತ) ಎಂದು ಭಾವಿಸಿ, ಘನ ಜಾಲದಲ್ಲಿ ನೆರೆಯ ಸೆಲ್‌ಗಳ ಕ್ಷೇತ್ರವನ್ನೂ ಲೆಕ್ಕಕ್ಕೆ ತರುವ ಕ್ಲಾಸಿಯಸ್–ಮೊಸೊಟ್ಟಿ ತಿದ್ದುಪಡಿ ಸೇರಿಸಿದರೆ:

ಮ್ಯೂ = 1 − ಎಫ್ ÷ [1 + ಎಫ್/3 − (ಒಮೇಗಾ0/ಒಮೇಗಾ)² − ಜೆ/ಕ್ಯೂ]

1999ರಲ್ಲಿ ಪೆಂಡ್ರಿ ಮತ್ತು ಸಂಗಡಿಗರು ಸೀಳು ಉಂಗುರಗಳಿಗೆ ಕೊಟ್ಟ ರೂಪದ ಮನೆತನವೇ ಇದು. ಇದರಲ್ಲಿ ನಿಮ್ಮ ಸಂಖ್ಯೆ (ಒಮೇಗಾ0 ಅಂದರೆ ಒಂಟಿ ಸೆಲ್ ಕೂತ 13.56) ಹಾಕಿದರೆ ಮ್ಯೂ ಸಿಡಿಯುವ ಜಾಗ 13.03, −1 ಆಗುವ ಜಾಗ 13.85, ಸೊನ್ನೆ ದಾಟುವ ಜಾಗ 14.85 ಮೆಗಾಹರ್ಟ್ಸ್. ಒಂಟಿ ಸೆಲ್ ಕೂತಿರುವ 13.56 ಈ ಮೂರರಲ್ಲಿ ಯಾವುದೂ ಅಲ್ಲ.

ಮ್ಯೂ = −1 ಇರುವಲ್ಲಿ ನಷ್ಟದ ಭಾಗ 4 ÷ (ಎಫ್ × ಕ್ಯೂ). ನಿಮಗೆ 0.107. ಇದೊಂದು ಸೂತ್ರ ಗೋಡೆಗೆ ಅಂಟಿಸಿಕೊಳ್ಳಿ. ಕ್ಯೂ 60ಕ್ಕೆ ಇಳಿದರೆ ನಷ್ಟ 0.27, ಆಗ ಹಾಳೆ ಇಟ್ಟೂ ಹೆಚ್ಚು ಪ್ರಯೋಜನವಿಲ್ಲ.

ಚಿಹ್ನೆಯ ಬಗ್ಗೆ ಎಚ್ಚರ: ಮೇಲಿನದು ಎಂಜಿನಿಯರುಗಳ ಜೆ-ಒಮೇಗಾ-ಟಿ ಪದ್ಧತಿ. ನಷ್ಟವಿದ್ದರೆ ಮ್ಯೂನ ಕಾಲ್ಪನಿಕ ಭಾಗ ಋಣ ಬರಬೇಕು. ಭೌತಶಾಸ್ತ್ರದ ಪ್ರಬಂಧಗಳಲ್ಲಿ ಧನ ಬರುತ್ತದೆ. ಎರಡನ್ನೂ ಒಂದೇ ಕೋಡಿನಲ್ಲಿ ಬೆರೆಸಿದರೆ ವಸ್ತುವೇ ಶಕ್ತಿ ಕೊಡುವ ಹಾಗೆ ಕಾಣುತ್ತದೆ.

ಬೆಂಚ್_ತೀರ್ಥಹಳ್ಳಿ

ಥಂಡಿಯ ಮೇಲೆ ತಪ್ಪು ಹೊರಿಸುವ ಮೊದಲು ಲೆಕ್ಕ ನೋಡಿ. ಕೆಪಾಸಿಟರ್ ಕಿತ್ತು ಬರೀ ಸುರುಳಿಯ ಸ್ವಂತ ರೆಸೊನೆನ್ಸ್ ಹುಡುಕಿ. ಉದಾಹರಣೆಗೆ ಅದು 100 ಮೆಗಾಹರ್ಟ್ಸ್‌ನಲ್ಲಿ ಸಿಕ್ಕರೆ ಸುರುಳಿಯ ಸ್ವಂತ ಕೆಪಾಸಿಟೆನ್ಸ್ 2.7 ಪಿಕೋಫ್ಯಾರಡ್. ಎಫ್‌ಆರ್-4ಗೆ ಸಂಬಂಧ ಇರುವುದು ಇಷ್ಟಕ್ಕೆ ಮಾತ್ರ. ನೀರು ಕುಡಿದು ಇದು ಶೇ. 10 ಏರಿದರೂ 148ರಲ್ಲಿ 0.27 ಸೇರಿತು. ಫ್ರೀಕ್ವೆನ್ಸಿ ಜರುಗುವುದು 12 ಕಿಲೋಹರ್ಟ್ಸ್. ನಿಮ್ಮ ಶಿಖರದ ಅಗಲವೇ 90. ಕಣ್ಣಿಗೂ ಬೀಳುವುದಿಲ್ಲ.

ಥಂಡಿ ಕೆಡಿಸುವುದು ಕ್ಯೂ ಅನ್ನು. ಕೆಪಾಸಿಟರ್ ಪ್ಯಾಡುಗಳ ನಡುವೆ ಬೆಸುಗೆಯ ಫ್ಲಕ್ಸ್ ಹಳದಿ ಪೊರೆಯಾಗಿ ಉಳಿದಿರುತ್ತದಲ್ಲ, ಅದರ ಮೇಲೆ ತೇವ ಕೂತರೆ ಸೋರಿಕೆಯ ದಾರಿಯಾಗುತ್ತದೆ. ನಿಮ್ಮ ಸೆಲ್‌ನಲ್ಲಿ ಒಮೇಗಾ-ಎಲ್ 79.5 ಓಮ್. ಆ ಪೊರೆ 100 ಕಿಲೋ ಓಮ್ ಆಗಿ ನಿಂತರೂ ಕ್ಯೂ 150ರಿಂದ 134ಕ್ಕೆ ಬರುತ್ತದೆ. 20 ಕಿಲೋ ಓಮ್ ಆದರೆ 94. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, 105 ಡಿಗ್ರಿಯಲ್ಲಿ ಎರಡು ಮೂರು ತಾಸು ಒಣಗಿಸಿ, ಬಿಸಿ ಆರುವ ಮುಂಚೆಯೇ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಪೊರೆ) ಹೊಡೆಯಿರಿ. ಆಷಾಢದಲ್ಲಿ ಬೋರ್ಡ್ ತಣ್ಣಗಾದ ಮೇಲೆ ಕೋಟಿಂಗ್ ಮಾಡಿದರೆ ತೇವವನ್ನು ಒಳಗೇ ಮುಚ್ಚಿಟ್ಟಂತೆ.

ಕೆಪಾಸಿಟರ್ ಯಾವ ಜಾತಿಯದು? ಸಿ0ಜಿ (ಎನ್‌ಪಿ0 ಅಂತಲೂ ಬರುತ್ತದೆ) ಮಾತ್ರ ಹಾಕಿ. ಎಕ್ಸ್7ಆರ್ ಹಾಕಿದ್ದರೆ ತೆಗೆದುಬಿಡಿ, ನಷ್ಟ ಹೆಚ್ಚು. ಶೇ. 5 ಟಾಲರೆನ್ಸ್‌ನ ಚೀಲದಿಂದ ಸುಮ್ಮನೆ ತೆಗೆದು ಹಾಕಿದರೆ ಫ್ರೀಕ್ವೆನ್ಸಿ ಶೇ. 2.5 ಆಚೀಚೆ, ಅಂದರೆ 340 ಕಿಲೋಹರ್ಟ್ಸ್ ತನಕ ಚದುರುತ್ತದೆ. ಶಿಖರದ ಅಗಲದ ನಾಲ್ಕು ಪಟ್ಟು. ಅಂಥ 36 ಸೆಲ್ ಸೇರಿದರೆ ಅದನ್ನು ಒಂದು ವಸ್ತು ಅನ್ನಲಾಗದು. ಶೇ. 1ರದ್ದು 50 ತನ್ನಿ, ಒಂದೊಂದನ್ನೂ ಸೆಲ್‌ಗೆ ಹಾಕಿ ಅಳೆದು, ಹತ್ತಿರ ಹತ್ತಿರ ಇರುವ 36 ಆರಿಸಿ.

ಅಳೆಯುವಾಗ ಇನ್ನೊಂದು. ನ್ಯಾನೋವಿಎನ್‌ಎಯಲ್ಲಿ (ಎಸ್-ಪ್ಯಾರಾಮೀಟರ್ ಅಳೆಯುವ ಪುಟ್ಟ ಉಪಕರಣ) 101 ಪಾಯಿಂಟ್ ಇಟ್ಟು 10ರಿಂದ 18 ಮೆಗಾಹರ್ಟ್ಸ್ ಓಡಿಸಿದರೆ ಪಾಯಿಂಟಿಗೂ ಪಾಯಿಂಟಿಗೂ 80 ಕಿಲೋಹರ್ಟ್ಸ್ ಅಂತರ. 90 ಅಗಲದ ಶಿಖರದ ಮೇಲೆ ಒಂದೋ ಎರಡೋ ಪಾಯಿಂಟ್ ಬಿದ್ದರೆ ಕ್ಯೂ ಹೇಗೆ ಗೊತ್ತಾಗಬೇಕು? 2 ಮೆಗಾಹರ್ಟ್ಸ್ ತುಂಡುಗಳಾಗಿ ಓಡಿಸಿ. ಎರಡು ಸಣ್ಣ ಪ್ರೋಬ್ ಸುರುಳಿ, 15–20 ಮಿ.ಮೀ. ವ್ಯಾಸದವು, ಸೆಲ್‌ನಿಂದ ದೂರವೇ ಇರಲಿ. ಶಿಖರದ ತುದಿಯಲ್ಲೂ ಎಸ್21 −40 ಡಿಬಿಗಿಂತ ಕೆಳಗಿದ್ದರೆ ಮಾತ್ರ ಕ್ಯೂ ನಂಬಿ. ಹತ್ತಿರ ತಂದರೆ ಪ್ರೋಬಿನ 50 ಓಮ್ ನಿಮ್ಮ ಸೆಲ್‌ನ ನಷ್ಟವಾಗಿ ಲೆಕ್ಕಕ್ಕೆ ಬರುತ್ತದೆ.

ಹಾಳೆಯನ್ನು ಕಬ್ಬಿಣದ ಮೇಜು, ಗಾಡ್ರೇಜ್ ಬೀರು, ತಗಡಿನ ಗೋಡೆಯಿಂದ ದೂರ ಇಡಿ. ಹತ್ತಿರದ ಲೋಹ ಎಲ್ ಕಡಿಮೆ ಮಾಡಿ ಫ್ರೀಕ್ವೆನ್ಸಿ ಮೇಲೆತ್ತುತ್ತದೆ. ಒಣಗಿದ ಅಡಿಕೆ ದಬ್ಬೆಯಲ್ಲಿ ಚೌಕಟ್ಟು ಮಾಡಿ, ನೈಲಾನ್ ಸ್ಕ್ರೂ ಹಾಕಿದರೆ ಆಯಿತು. ಹಸಿ ದಬ್ಬೆ ಬೇಡ.

ಶರಾವತಿ_ಜಾಲ

ಸಾಗರದವರು ಕೊಟ್ಟ ಸೂತ್ರಕ್ಕೆ ಒಂದು ಆಕ್ಷೇಪ ಇದೆ, ಸಣ್ಣದಲ್ಲ. ಕ್ಲಾಸಿಯಸ್–ಮೊಸೊಟ್ಟಿ ಬಿಂದು ಡೈಪೋಲ್‌ಗಳಿಗೆ ಸರಿ. 30 ಮಿ.ಮೀ. ಸೆಲ್‌ನಲ್ಲಿ 26 ಮಿ.ಮೀ. ಸುರುಳಿ ಬಿಂದು ಅಲ್ಲ ಮಾರಾಯ್ರೆ, ಪಕ್ಕದ ಸುರುಳಿಯ ಅಂಚಿಗೂ ಇದರ ಅಂಚಿಗೂ ಬರೀ 4 ಮಿ.ಮೀ. ಇದೆ.

ಡೈಪೋಲ್ ಲೆಕ್ಕದಲ್ಲಿ ಒಂದೇ ಸಮತಲದ ಪಕ್ಕದ ಸೆಲ್‌ನೊಂದಿಗೆ ಮ್ಯೂಚುವಲ್ ಇಂಡಕ್ಟೆನ್ಸ್ (ಎಂ) −18.7 ನ್ಯಾನೋಹೆನ್ರಿ, ಅಂದರೆ ಎಂ/ಎಲ್ = −0.020. ಒಂದರ ಮೇಲೊಂದು ಪೇರಿಸಿದಾಗ ಅದರ ಎರಡು ಪಟ್ಟು, +0.040. ನಿಜವಾದ ಸುರುಳಿಗಳಲ್ಲಿ ಪಕ್ಕದ್ದು ಡೈಪೋಲ್‌ಗಿಂತ ಹೆಚ್ಚಿರುತ್ತದೆ, ಮೇಲಿನದು ಕಡಿಮೆ ಇರುತ್ತದೆ. ಎರಡು ತಪ್ಪೂ ಒಂದೇ ದಿಕ್ಕಿಗೆ ಎಳೆಯುತ್ತವೆ, ಒಂದನ್ನೊಂದು ಹೊಡೆದುಹಾಕುವುದಿಲ್ಲ.

ಇದನ್ನು ಅಳೆಯುವುದು ಸುಲಭ. ಎರಡೇ ಸೆಲ್ 30 ಮಿ.ಮೀ. ಅಂತರದಲ್ಲಿ ಇಡಿ. ಪ್ರೋಬ್ ಒಂದು ಸೆಲ್‌ನ ಮೇಲೆ ಮಾತ್ರ ಇರಲಿ. ಎರಡರ ನಟ್ಟನಡುವೆ ಇಟ್ಟರೆ ಒಂದು ಶಿಖರ ಮರೆಯಾಗುತ್ತದೆ. ಶಿಖರ ಎರಡಾಗಿ ಒಡೆಯುತ್ತದೆ. ಮೇಲಿನ ಫ್ರೀಕ್ವೆನ್ಸಿಯ ವರ್ಗದಿಂದ ಕೆಳಗಿನದರ ವರ್ಗ ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಎಂ/ಎಲ್. ಡೈಪೋಲ್ ಲೆಕ್ಕ ಸರಿಯಿದ್ದರೆ 270 ಕಿಲೋಹರ್ಟ್ಸ್ ಅಂತರ ಬರಬೇಕು. ಪೇರಿಸಿಯೂ ಹಾಗೇ ಅಳೆಯಿರಿ.

ಇನ್ನು ನಿಮ್ಮ 6×6 ಹಾಳೆ. ಅದು ಕೆಟ್ಟಿಲ್ಲ, ಹಾಗೇ ಇರಬೇಕು. ಸಮತಲದಲ್ಲಿ ಒಂದು ಸೆಲ್‌ನ ಹರಿವು ಪಕ್ಕದ ಸೆಲ್‌ನಲ್ಲಿ ತಿರುಗುಮುರುಗಾಗಿ ಹಾಯುವುದರಿಂದ ಎಂ ಋಣ. ಎಲ್ಲ ಸೆಲ್‌ಗಳೂ ಒಂದೇ ತಾಳದಲ್ಲಿ ನಡೆದರೆ ಒಟ್ಟು ಎಲ್ ಇಳಿಯುತ್ತದೆ, ಫ್ರೀಕ್ವೆನ್ಸಿ ಏರುತ್ತದೆ. ಒಂದು ಬಿಟ್ಟು ಒಂದು ಎದುರು ತಾಳದಲ್ಲಿ ನಡೆದರೆ ಫ್ರೀಕ್ವೆನ್ಸಿ ಇಳಿಯುತ್ತದೆ. ಅನಂತ ಹಾಳೆಗೆ ಡೈಪೋಲ್ ಮೊತ್ತ ಹಾಕಿದರೆ ಈ ಎರಡು ತುದಿ 14.97 ಮತ್ತು 13.21. ನಡುವಿನವೆಲ್ಲ ಹಾಳೆಯಲ್ಲಿ ಓಡಾಡುವ ಮ್ಯಾಗ್ನೆಟೋಇಂಡಕ್ಟಿವ್ ಅಲೆಗಳ ನಿಂತ ರೂಪಗಳು. ನಿಮ್ಮ ಕೆಳತುದಿ 13.0ಕ್ಕೆ ಇಳಿದಿರುವುದೇ ನಿಜವಾದ ಎಂ ಡೈಪೋಲ್‌ಗಿಂತ ದೊಡ್ಡದು ಎನ್ನುವುದಕ್ಕೆ ಸಾಕ್ಷಿ. ಮೇಲ್ತುದಿ ಅಷ್ಟು ಏರದಿರುವುದು ಅಂಚಿನಿಂದ: ಮೂಲೆಯ ಸೆಲ್‌ಗೆ ಸಿಗುವ ನೆರೆಯ ಮೊತ್ತ ಒಳಗಿನ ಸೆಲ್‌ನದರ ಅರ್ಧಕ್ಕೂ ಕಡಿಮೆ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ತೆಳು ಹಾಳೆಗೆ ಲಂಬವಾಗಿ ಸಮಕ್ಷೇತ್ರ ಕೊಟ್ಟರೆ ಅದು ಜೋರಾಗಿ ಸ್ಪಂದಿಸುವುದು ಮ್ಯೂ ಸಿಡಿಯುವಲ್ಲಿ ಅಲ್ಲ, ಮ್ಯೂ ಸೊನ್ನೆ ಆಗುವಲ್ಲಿ. ಡಿಮ್ಯಾಗ್ನೆಟೈಸಿಂಗ್ ಫ್ಯಾಕ್ಟರ್ (ಆಕಾರದಿಂದಾಗಿ ಒಳಗಿನ ಕ್ಷೇತ್ರ ಎಷ್ಟು ಬದಲಾಗುತ್ತದೆ ಎನ್ನುವ ಅಳತೆ) 1 ಆಗಿರುವುದೇ ಕಾರಣ. ಸಾಗರದವರ ಸೂತ್ರದಲ್ಲಿ ಸೊನ್ನೆ 14.85, ಒಂದು ಪದರದ ನೇರ ಮೊತ್ತದಲ್ಲಿ 14.97. ಎರಡೂ ಒಂದೇ ಬಿಂದು ಡೈಪೋಲ್ ಊಹೆಯಿಂದ ಬಂದವಾದ್ದರಿಂದ ಇಷ್ಟು ಹತ್ತಿರ. ಹಾಗಾಗಿ ಹಾಳೆಯ ಅತಿ ಎತ್ತರದ ಶಿಖರ ನೋಡಿ "ಇದೇ ಮ್ಯೂನ ರೆಸೊನೆನ್ಸ್" ಎಂದು ವರದಿ ಬರೆಯಬೇಡಿ.

ತುಂಗಾ_ಎಂಟೆಕ್ (ಶಿವಮೊಗ್ಗ)

ತುಂಬ ಉಪಕಾರ ಆಯ್ತು ಸರ್. ಫ್ಲಕ್ಸ್ ತೊಳೆದು, ದಬ್ಬೆ ಚೌಕಟ್ಟಿನ ಮೇಲೆ ಅಳೆದೆ. ಪಕ್ಕಪಕ್ಕ ಇಟ್ಟಾಗ 13.36 ಮತ್ತು 13.77. ಪೇರಿಸಿದಾಗ 13.38 ಮತ್ತು 13.75. ಅಂದರೆ ಎಂ/ಎಲ್ ಸುಮಾರು −0.030 ಮತ್ತು +0.027. ಕೆಪಾಸಿಟರ್ ಇಲ್ಲದ ಸ್ವಂತ ರೆಸೊನೆನ್ಸ್ 100ರ ಹತ್ತಿರವೇ ಸಿಕ್ಕಿತು. ಇದನ್ನು ಮ್ಯೂ ಸೂತ್ರಕ್ಕೆ ಹೇಗೆ ಸೇರಿಸುವುದು?

ಶರಾವತಿ_ಜಾಲ

ಅಳತೆ ಚೆನ್ನಾಗಿ ಬಂದಿದೆ. ಸೂತ್ರದ ಎಫ್/3 ಇರುವ ಜಾಗದಲ್ಲಿ ಕೆ ಎಂದು ಬರೆಯಿರಿ. ಕೆ = ಎಫ್/3 + (ನಿಜವಾದ ಎಂ − ಡೈಪೋಲ್ ಎಂ) ÷ ಎಲ್, ಹತ್ತಿರದ ನೆರೆಗಳೆಲ್ಲ ಸೇರಿ.

ಸಮತಲದಲ್ಲಿ ನಾಲ್ಕು ನೆರೆ: 4 × (−0.030 + 0.020) = −0.040. ಮೇಲೆ ಕೆಳಗೆ ಎರಡು: 2 × (0.027 − 0.040) = −0.026. ಎಫ್/3 ಅಂದರೆ 0.083. ಕೂಡಿದರೆ ಕೆ = 0.017. ತಿದ್ದುಪಡಿ ಬಹುಪಾಲು ತಿಂದೇ ಹಾಕಿತು.

ಮ್ಯೂ = −1 ಆಗುವುದು (ಒಮೇಗಾ0/ಒಮೇಗಾ)² = 1 + ಕೆ − ಎಫ್/2 ಆದಾಗ, ಅಂದರೆ 0.892. ಒಂಟಿ ಸೆಲ್ 13.56ರಲ್ಲಿದ್ದರೆ ಮ್ಯೂ = −1 ಬರುವುದು 14.36ರಲ್ಲಿ, 13.85ರಲ್ಲಲ್ಲ. ಅರ್ಧ ಮೆಗಾಹರ್ಟ್ಸ್ ವ್ಯತ್ಯಾಸ, ಐದಾರು ಶಿಖರದ ಅಗಲ. ನಿಮಗೆ 13.56ರಲ್ಲಿ −1 ಬೇಕಾದರೆ ಒಂಟಿ ಸೆಲ್ಲನ್ನು 12.81ಕ್ಕೆ ಕೂರಿಸಿ. ಒಟ್ಟು ಸಿ 166 ಪಿಕೋಫ್ಯಾರಡ್. ಸುರುಳಿಯ 2.7 ಕಳೆದರೆ 163. 150ರ ಜತೆ 12 ಸಮಾನಾಂತರವಾಗಿ ಹಾಕಿದರೆ 162, ಸಾಕು. ಬಿಂದು ಡೈಪೋಲ್ ನಂಬಿದ್ದರೆ 154ಕ್ಕೆ ನಿಲ್ಲಿಸಿ, ಮ್ಯೂ ಎಲ್ಲೋ ಹೋಗಿ ಕೂರುತ್ತಿತ್ತು. ಕರ್ಣದ ದಿಕ್ಕಿನ ನೆರೆಗಳನ್ನು ಸೇರಿಸಿದರೆ ಇನ್ನೂ ತುಸು ಜರುಗುತ್ತದೆ, ಅದನ್ನು ಅಳತೆ ಮಾಡುವುದಕ್ಕಿಂತ ಲೆಕ್ಕ ಹಾಕುವುದು ಒಳ್ಳೆಯದು.

ಆದರೆ ಇದೆಲ್ಲ ಮೂರೂ ದಿಕ್ಕಿಗೆ ಹಬ್ಬಿದ ಜಾಲಕ್ಕೆ. ನಿಮ್ಮದು ಒಂದೇ ಪದರ, ಮೇಲೆ ಕೆಳಗೆ ನೆರೆಯೇ ಇಲ್ಲ. ನಷ್ಟ 0.107 ಇರುವ 30 ಮಿ.ಮೀ. ಹಾಳೆ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ವಿವರ, 2 × ಪೈ × ದಪ್ಪ ÷ ಸ್ವಾಭಾವಿಕ ಲಾಗ್(2/ನಷ್ಟ) ಪ್ರಕಾರ, 64 ಮಿ.ಮೀ. ಅಂದರೆ ಎರಡೇ ಸೆಲ್. ಎರಡು ಸೆಲ್ ಅಗಲದಲ್ಲಿ ಬದಲಾಗುವ ಕ್ಷೇತ್ರಕ್ಕೆ ಈ ಹಾಳೆ ಒಂದು ಅಖಂಡ ವಸ್ತು ಅಲ್ಲ, ಬಿಡಿ ಬಿಡಿ ಸುರುಳಿಗಳ ಗುಂಪು. 2008ರಲ್ಲಿ ಫ್ರೇರೆ, ಮಾರ್ಕೆಸ್, ಯೆಲಿನೆಕ್ ಎಂಆರ್‌ಐಗಾಗಿ 63.87 ಮೆಗಾಹರ್ಟ್ಸ್‌ನಲ್ಲಿ ಮ್ಯೂ = −1 ಲೆನ್ಸ್ ಮಾಡಿದಾಗ 18×18×2 ಸೆಲ್, ಒಂದೊಂದೂ 15 ಮಿ.ಮೀ. ಘನ, ಮೂರೂ ದಿಕ್ಕಿಗೆ ಉಂಗುರ ಇಟ್ಟಿದ್ದರು. ನಿಮ್ಮ ಹಾಳೆಯಲ್ಲಿ ಉಂಗುರ ಒಂದೇ ದಿಕ್ಕಿಗಿದೆ, ಆದ್ದರಿಂದ ಹಾಳೆಯ ಉದ್ದಕ್ಕೆ ಮ್ಯೂ 1 ಆಗಿಯೇ ಉಳಿದಿದೆ.

ಹಾಗಾಗಿ ನನ್ನ ಸಲಹೆ: ಮೊದಲು ಮ್ಯೂ ಬಿಟ್ಟು ಮ್ಯಾಟ್ರಿಕ್ಸ್ ಬಿಡಿಸಿ. 36 ಸೆಲ್, ಕಳಿಸುವ ಕಾಯಿಲ್ ಒಂದು, ಪಡೆಯುವುದು ಒಂದು, ಒಟ್ಟು 38×38. ಕರ್ಣದಲ್ಲಿ ಆರ್ + ಜೆ-ಒಮೇಗಾ-ಎಲ್ + 1/(ಜೆ-ಒಮೇಗಾ-ಸಿ), ಉಳಿದ ಕಡೆ ಜೆ-ಒಮೇಗಾ-ಎಂ. ಹಾಳೆಯೊಳಗೆ ಬೇರೆ ಬೇರೆ ಎಂ ಬರೀ 20, ಮಿಕ್ಕಿದ್ದೆಲ್ಲ ಸಮಾನತೆಯಿಂದ ಸಿಗುತ್ತವೆ. ಪ್ರತಿ ಸುರುಳಿಯನ್ನು ಐದು ಚೌಕ ತಂತಿ ಎಂದು ಭಾವಿಸಿ ಎರಡು ತಂತಿಗಳ ನಡುವಿನ ಎಂ ಕೊಡುವ ನಾಯ್ಮನ್ ಸೂತ್ರ ಹಾಕಿ. ಪರಸ್ಪರ ಲಂಬವಾದ ತುಂಡುಗಳದ್ದು ಸೊನ್ನೆ, ಸಮಾನಾಂತರ ತುಂಡುಗಳಿಗೆ ಸಿದ್ಧ ಸೂತ್ರವಿದೆ. ಮೂರು ಸೆಲ್ ದೂರ ದಾಟಿದರೆ ಡೈಪೋಲ್ ಸೂತ್ರವೇ ಸಾಕು, ಕೆಲವೇ ಶೇಕಡ ವ್ಯತ್ಯಾಸ. ಕೈಲೆಕ್ಕ ಬೇಡವೆಂದರೆ ಇಂಡಕ್ಟೆನ್ಸ್ ಲೆಕ್ಕ ಹಾಕುವ ಸಾಫ್ಟ್‌ವೇರ್ ಫಾಸ್ಟ್‌ಹೆನ್ರಿಗೆ ಕೊಡಿ. ಪೈಥಾನ್‌ನಲ್ಲಿ ನಮ್‌ಪೈ ಇಟ್ಟುಕೊಂಡು 400 ಫ್ರೀಕ್ವೆನ್ಸಿಗೆ ಓಡಿಸಿದರೂ ಚಾ ಆರುವ ಮುಂಚೆ ಉತ್ತರ ಬರುತ್ತದೆ.

ಮ್ಯಾಟ್ರಿಕ್ಸ್ ಸರಿಯಿದೆಯೇ ಎಂದು ನೋಡಲು ಮೊದಲು ಎರಡೇ ಸೆಲ್ ಹಾಕಿ: 13.36, 13.77 ಬರಬೇಕು. ಆಮೇಲೆ 36 ಹಾಕಿ, ಬೆಂಚಿನ 13.0ರಿಂದ 14.9ರ ಹರವು ಸಿಗಬೇಕು. ಇವೆರಡೂ ಕೂಡಿಬಂದರೆ ಆಗ ಸಿ ಬದಲಿಸುತ್ತಾ, ಪಡೆಯುವ ಕಾಯಿಲ್‌ನಲ್ಲಿ 13.56ರಲ್ಲಿ ಅತಿ ಹೆಚ್ಚು ಶಕ್ತಿ ಯಾವ ಸಿಗೆ ಬರುತ್ತದೆ ಎಂದು ಹುಡುಕಿ. ಆ ಬೆಲೆ ಮೇಲಿನ 166 ಆಗಿರಬೇಕೆಂದೇನಿಲ್ಲ.

ಸುರುಳಿ_ಸಾಗರ

ಒಪ್ಪಿದೆ. ಇಷ್ಟು ಒತ್ತಾಗಿ ಕೂತ ಸೆಲ್‌ಗಳಿಗೆ ಎಫ್/3 ಹಾಗೇ ಬಳಸಿದ್ದು ನನ್ನ ತಪ್ಪು. ಸುರುಳಿಯ ಅಗಲ ಸೆಲ್‌ನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿದ್ದರೆ ನಡೆಯುತ್ತಿತ್ತು, ಆದರೆ ಆಗ ಎಫ್ ಬಹಳ ಸಣ್ಣದಾಗಿ ನಷ್ಟ ಕೈಮೀರುತ್ತದೆ. ನಷ್ಟ ಕಡಿಮೆ ಬೇಕೆಂದರೆ ಸೆಲ್ ಒತ್ತಾಗಿಯೇ ಇರಬೇಕು, ಒತ್ತಾಗಿದ್ದರೆ ಎಂ ಲೆಕ್ಕ ಹಾಕಲೇಬೇಕು.

ಗೈಡ್ ವರದಿಯಲ್ಲಿ ಮ್ಯೂ ಗ್ರಾಫ್ ಕೇಳಿಯೇ ಕೇಳುತ್ತಾರೆ. ಕೊಡಿ, ಆದರೆ ಕೆ = 0.017 ಹಾಕಿದ ಸೂತ್ರದಿಂದ, "ಅನಂತ ಜಾಲಕ್ಕೆ, ಸುರುಳಿಯ ಅಕ್ಷದ ದಿಕ್ಕಿಗೆ ಮಾತ್ರ" ಎಂದು ಚಿತ್ರದ ಕೆಳಗೇ ಬರೆದು. ಕೋಡ್ ಸರಿಯಿದೆಯೇ ಎಂದು ಎರಡು ತುದಿ ನೋಡಿ: ಫ್ರೀಕ್ವೆನ್ಸಿ ಸೊನ್ನೆಗೆ ಹೋದರೆ ಮ್ಯೂ 1 ಆಗಬೇಕು, ರೆಸೊನೆನ್ಸ್‌ನಿಂದ ತುಂಬ ಮೇಲೆ ಹೋದರೆ 1 − ಎಫ್/(1+ಕೆ), ನಿಮಗೆ 0.75, ಅಲ್ಲಿ ನಿಲ್ಲಬೇಕು. ಅದೇ ಪುಟದಲ್ಲಿ 6×6 ಹಾಳೆಯ ಅಳತೆ ಮತ್ತು ಮ್ಯಾಟ್ರಿಕ್ಸ್ ಉತ್ತರ ಎರಡನ್ನೂ ಒಂದರ ಮೇಲೊಂದು ಬಿಡಿಸಿ.

ಬೆಂಚ್_ತೀರ್ಥಹಳ್ಳಿ

150ರ ಜತೆ 12 ಸೇರಿಸುವಾಗ ಎರಡನ್ನೂ ಒಂದರ ಬೆನ್ನಿಗೆ ಒಂದು ಬೆಸೆಯಬೇಡಿ. ಪ್ಯಾಡ್ ಉದ್ದ ಮಾಡಿ ಪಕ್ಕಪಕ್ಕ ಕೂರಿಸಿ; ಒಂದನ್ನು ತೆಗೆದು ಬದಲಿಸಬೇಕಾದಾಗ ಇನ್ನೊಂದು ಬಿಸಿಗೆ ಬಿರುಕು ಬಿಡುವುದಿಲ್ಲ. ಕೋಟಿಂಗ್ ಹೊಡೆದ ಮೇಲೆ 36ನ್ನೂ ಇನ್ನೊಮ್ಮೆ ಅಳೆಯಿರಿ, ಕೋಟಿಂಗ್ ಪದರ ಸುರುಳಿಯ ಸ್ವಂತ ಕೆಪಾಸಿಟೆನ್ಸನ್ನು ಸ್ವಲ್ಪ ಏರಿಸುತ್ತದೆ. ಎಲ್ಲ ಸೆಲ್‌ಗಳಲ್ಲೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ತೊಂದರೆಯಿಲ್ಲ. ಒಂದೆರಡು ಮಾತ್ರ ಬೇರೆಯಾಗಿದ್ದರೆ ಅವನ್ನು ಮೂಲೆಗೆ ಹಾಕಿ, ನಡುವೆ ಬೇಡ.